ಓಡುವ ಕಾರಿಗೆ ನಿಲ್ಲುವುದೂ ಗೊತ್ತಿರಬೇಕು

ಪುಣೆಯಿಂದ ಕೊಂಕಣಕ್ಕೆ ಇಳಿಯುವ ತಾಮ್ಹಿಣಿ ಘಾಟ್‌ನಲ್ಲಿ, ಮೂರು ವರ್ಷಗಳ ಹಿಂದಿನ ಒಂದು ಭಾನುವಾರ, ನನ್ನ ಕಾರಿನ ಬ್ರೇಕ್ ಪೆಡಲ್ ಕಾಲಡಿ ಮೆತ್ತಗಾಯಿತು. ಎದುರಿಗೆ ತಿರುವು. ಒತ್ತಿದರೆ ಪೆಡಲ್ ಹೆಚ್ಚೂಕಡಿಮೆ ನೆಲದವರೆಗೆ ಹೋಯಿತು. ಮತ್ತೆರಡು ಸಲ ಪಟಪಟನೆ ತುಳಿದಾಗ ಅರೆಬರೆ ಹಿಡಿಯಿತು. ಗೇರ್ ಇಳಿಸಿ, ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಹೆಂಡತಿ ಒಂದು ಮಾತೂ ಆಡಲಿಲ್ಲ.

ತಪ್ಪು ನನ್ನದೇ. ಟರ್ಬೊ ಪೆಟ್ರೋಲ್ ಎಂಜಿನ್ನಿನ ಚಿಕ್ಕ ಕಾರು ಅದು. ಸಾಲದು ಅಂತ ಇಸಿಯು ರಿಮ್ಯಾಪ್ ಮಾಡಿಸಿ ಇನ್ನಷ್ಟು ಶಕ್ತಿ ತುಂಬಿಸಿದ್ದೆ. ಬ್ರೇಕ್ ಆಯಿಲ್ ಮಾತ್ರ ನಾಲ್ಕು ವರ್ಷ ಹಳೆಯದು. ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಎಂಜಿನಿಯರ್ ನಾನು. ಧಾರವಾಡದ ಗೆಳೆಯರಿಗೆಲ್ಲ ಕಾರಿನ ಬಗ್ಗೆ ಬುದ್ಧಿ ಹೇಳುವವನೂ ನಾನೇ!

ಬ್ರೇಕ್ ಮಾಡುವ ಕೆಲಸ ಒಂದೇ: ವೇಗವನ್ನು ಶಾಖವಾಗಿಸುವುದು. 1,200 ಕಿಲೊ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ, ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ವೇಗ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಕಾರು 500 ಮೀಟರ್ ಎತ್ತರದ ಘಾಟ್ ಇಳಿದರೆ ಒಂದು ಬಕೆಟ್ ತುಂಬ, ಅಂದರೆ 18-20 ಲೀಟರ್ ನೀರು ಕುದಿಸುವಷ್ಟು ಶಾಖ. ಕೆಳಗಿನ ಗೇರ್‌ನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನಾನು ಆಟೊಮ್ಯಾಟಿಕ್ ಗೇರ್ ಅನ್ನು ‘ಡಿ’ಯಲ್ಲೇ ಬಿಟ್ಟು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನಮ್ಮ ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸಲಿಕ್ಕೇ ಖರ್ಚಾಗಿಬಿಡುತ್ತದೆ. ಆ ದಿನ ಆಗಿದ್ದು ಇಷ್ಟೇ. ಅರ್ಧ ಗಂಟೆ ನಿಂತು ತಣಿದ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಗಿತ್ತು.

ಕೆಂಪು ಕ್ಯಾಲಿಪರ್‌ನ ಮೋಹ

ಊರಿಗೆ ಮರಳಿದವನು ಕಾರಣ ಹುಡುಕುವ ಬದಲು ಸಾಮಾನು ಹುಡುಕಿದೆ. ನಾಲ್ಕು ಪಿಸ್ಟನ್‌ನ ಕೆಂಪು ಕ್ಯಾಲಿಪರ್, ಅಗಲವಾದ ಡಿಸ್ಕ್, ಹೊಸ ಪ್ಯಾಡ್, ಎಲ್ಲ ಸೇರಿದ ಕಿಟ್. ಬೆಲೆ ಹೆಂಡತಿಗೆ ಅರ್ಧ ಮಾತ್ರ ಹೇಳಿದೆ. ಕಾರು ಅಲಂಕರಿಸುವುದರಲ್ಲಿ ಹೆಸರು ಮಾಡಿದ್ದ ಒಂದು ಗ್ಯಾರೇಜ್‌ನವರು ಒಂದೇ ದಿನದಲ್ಲಿ ಕೂರಿಸಿಕೊಟ್ಟರು.

ಮೊದಲ ಪೆಟ್ಟು ಸ್ಟೆಪ್ನಿಯದು. ಹೊಸ ಕ್ಯಾಲಿಪರ್ ಮೇಲೆ ಅದು ಕೂರಲೇ ಇಲ್ಲ. ಪಂಕ್ಚರ್ ಆದರೆ ಟೋಯಿಂಗ್ ಗಾಡಿಯೇ ಗತಿ. ಎರಡನೆಯದು ಇನ್ನೂ ದೊಡ್ಡದು: ಬೆಳಗ್ಗೆ ತಣ್ಣಗಿರುವಾಗಲೇ ಪೆಡಲ್ ಸ್ಪಂಜಿನಂತೆ ಮೆತ್ತಗೆ. ಮೂರು ಸಲ ಬ್ಲೀಡ್ ಮಾಡಿ ಗಾಳಿ ತೆಗೆದರೂ ಅದೇ ಕಥೆ. “ಹೊಸದಲ್ವಾ ಸರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ” ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಮಾಸ್ಟರ್ ಸಿಲಿಂಡರ್ ಬದಲಿಸುವ ಸಲಹೆಯೂ ಬಂತು.

ಕೊನೆಗೆ ಹಡಪ್ಸರದಲ್ಲಿರುವ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಚಕ್ರ ಬಿಚ್ಚಿ, ಒಂದು ನಿಮಿಷ ಕೂತು ನೋಡಿದರು. “ಸಾಹೇಬ್ರ, ಗಾಳಿ ಯಾವಾಗ್ಲೂ ಮ್ಯಾಲ ಏರತೈತಿ. ಇದರ ನಿಪ್ಪಲ್ ಕೆಳಗ ಐತಿ. ವರ್ಷಗಟ್ಲೆ ತುಳದ್ರೂ ಗಾಳಿ ಹೊರಗ ಬರಂಗಿಲ್ರೀ” ಎಂದರು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿತ್ತು! ಅದಲುಬದಲು ಮಾಡಿ ಗಾಳಿ ತೆಗೆದರು. ಪೆಡಲ್ ಕಲ್ಲಿನಂತೆ ನಿಂತಿತು. ಎಂಜಿನಿಯರ್ ಆದ ನಾನು ಆ ಚಕ್ರದ ಸಂದಿಯಲ್ಲಿ ಒಮ್ಮೆಯೂ ಇಣುಕಿರಲಿಲ್ಲ.

ರೋಗ ಗುರುತಿಸುವುದು

ಅವರ ಗ್ಯಾರೇಜ್‌ನಲ್ಲಿ ಚಹಾ ಕುಡಿಯುತ್ತ ಕಲಿತಿದ್ದು ಬಹಳ. ಪೆಡಲ್ ತಣ್ಣಗಿರುವಾಗಲೂ ಮೆತ್ತಗಿದ್ದರೆ ಸಾಮಾನ್ಯವಾಗಿ ಒಳಗೆ ಗಾಳಿ. ಬಿಸಿಯಾದಾಗ ಮಾತ್ರ ಮೆತ್ತಗಾದರೆ ಆಯಿಲ್ ಕುದಿಯುತ್ತಿದೆ. ಬಿಸಿಯಾದಾಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ತಾಪದ ಮಿತಿ ದಾಟಿದೆ. ಒಂದೇ ಬದಿಗೆ ಎಳೆದರೆ ಕ್ಯಾಲಿಪರ್ ಸಿಕ್ಕಿಕೊಂಡಿದೆಯೇ ನೋಡಬೇಕು.

ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ “ಡಿಸ್ಕ್ ಬೆಂಡ್ ಆಗಿದೆ, ಬದಲಿಸಿ” ಎನ್ನುವುದು ರೂಢಿ. ಬಹಳ ಸಲ ಡಿಸ್ಕ್ ಬಾಗಿರುವುದಿಲ್ಲ. ಪ್ಯಾಡ್‌ನ ಪದಾರ್ಥ ಅದರ ಮೇಲೆ ಅಲ್ಲಲ್ಲಿ ದಪ್ಪಗೆ ಅಂಟಿರುತ್ತದೆ. ಅಥವಾ ಹಬ್ ಮೇಲಿನ ತುಕ್ಕು ತೆಗೆಯದೆ ಡಿಸ್ಕ್ ಕೂರಿಸಿರುತ್ತಾರೆ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 10 ಕಿ.ಮೀ. ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದರೆ ಆ ಪದರ ಸಮನಾಗಿ ಕೂರುತ್ತದೆ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಲ್ಲುವುದೇ ಅಂಟು ಕೂರಲು ದಾರಿ.

ಯಾವುದು ಮೊದಲು?

ನಿಮ್ಮ ಕಾರಿನ ಮೂಲ ಬ್ರೇಕ್ ಜೋರಾಗಿ ಒತ್ತಿದಾಗ ಎಬಿಎಸ್ ಕೆಲಸಕ್ಕೆ ಬರುತ್ತದೆ ಎಂದರೆ, ಬ್ರೇಕ್‌ನ ಬಲ ಆಗಲೇ ಟೈರಿನ ಹಿಡಿತವನ್ನು ಮೀರಿದೆ ಎಂದರ್ಥ. ಆಗ ಮೊದಲ ಸಲ ನಿಲ್ಲುವ ದೂರ ಕಡಿಮೆ ಮಾಡುವುದು ಒಳ್ಳೆಯ ಟೈರ್. ದೊಡ್ಡ ಡಿಸ್ಕ್ ಅಲ್ಲ. ದೊಡ್ಡ ಡಿಸ್ಕ್ ಉಪಯೋಗಕ್ಕೆ ಬರುವುದು ಹತ್ತನೇ ಸಲ ನಿಲ್ಲಿಸುವಾಗ, ಶಾಖ ತಡೆಯಲು. ಅದಕ್ಕೇ ಸರದಿ ಹೀಗಿರಲಿ: ಟೈರ್, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಆಯಿಲ್, ನಂತರ ಹೆಚ್ಚು ತಾಪ ತಾಳುವ ರಸ್ತೆ ಬಳಕೆಯ ಪ್ಯಾಡ್. ರೇಸ್ ಪ್ಯಾಡ್ ಬೇಡ. ಅದು ಕಾದ ಮೇಲೆ ಹಿಡಿಯುವಂಥದ್ದು, ಹಿಂಜವಡಿ ಟ್ರಾಫಿಕ್‌ನಲ್ಲಿ ಎಲ್ಲಿ ಕಾಯಬೇಕು? ‘ಡಾಟ್ 5’ ಸಿಲಿಕೋನ್ ಆಯಿಲನ್ನು ದೊಡ್ಡ ಅಂಕಿ ನೋಡಿ ಡಾಟ್ 4ರ ಜೊತೆ ಬೆರೆಸಲೇಬೇಡಿ.

ಇಷ್ಟಾದ ಮೇಲೂ ಸಾಲದೆಂದರೆ ಮಾತ್ರ ಕಿಟ್. ಅದೂ ಆ ಕಾರಿಗೆಂದೇ ಲೆಕ್ಕ ಹಾಕಿ ಮಾಡಿದ್ದಿರಬೇಕು. ಮುಂದಿನ ಬ್ರೇಕ್ ಮಾತ್ರ ವಿಪರೀತ ಬಲವಾದರೆ ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸ ಮಾಡುವುದೇ ಇಲ್ಲ. ನಿಲ್ಲುವ ದೂರ ಹೆಚ್ಚಾಗಲೂಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ ಎಂಬುದೂ ನೆನಪಿರಲಿ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಾದೀತು.

ನಾನು ಕಿಟ್ ಬಿಚ್ಚಿಸಿ ನಷ್ಟಕ್ಕೇ ಮಾರಿದೆ. ಮೂಲ ಕ್ಯಾಲಿಪರ್, ಒಳ್ಳೆಯ ಪ್ಯಾಡ್, ಹೊಸ ಆಯಿಲ್ ಹಾಕಿಸಿ ಮರು ವರ್ಷ ಅದೇ ತಾಮ್ಹಿಣಿ ಇಳಿದೆ, ಎರಡನೇ ಗೇರ್‌ನಲ್ಲಿ. ಪೆಡಲ್ ಕೊನೆಯವರೆಗೂ ಗಟ್ಟಿಯಾಗಿತ್ತು.

ಹಬ್ಬಕ್ಕೆ ಊರಿಗೆ ಹೋಗಿ ಪುಣೆಗೆ ಮರಳುವ ಕನ್ನಡಿಗರಿಗೆಲ್ಲ ಹೊಸ ಕಾತ್ರಜ್ ಸುರಂಗ ದಾಟಿದ ಮೇಲಿನ ನವಲೆ ಸೇತುವೆಯ ಇಳಿಜಾರು ಗೊತ್ತು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹತ್ತಾರು ವಾಹನಗಳು ಒಂದಕ್ಕೊಂದು ಗುದ್ದಿಕೊಂಡಿದ್ದವು. ಈಗ ಸುರಂಗ ಮುಗಿಯುತ್ತಿದ್ದಂತೆ ನಾನು ಗೇರ್ ಇಳಿಸುತ್ತೇನೆ. ಆಗ ಎಂಜಿನ್ ಸದ್ದು ಏರುತ್ತದೆ. “ಈಗ್ಯಾಕಪ್ಪಾ ಇಷ್ಟು ಗಲಾಟೆ?” ಎಂದು ಮಗಳು ಕೇಳುತ್ತಾಳೆ. ಹೆಂಡತಿಯೇ ಉತ್ತರಿಸುತ್ತಾಳೆ: “ಇರಲಿ ಬಿಡವ್ವಾ. ಅದು ನಿಮ್ಮಪ್ಪ ಬ್ರೇಕ್ ಉಳಿಸೋ ಸದ್ದು.”