ಓದಿಗೆ ಮುಂಚಿನ ನೋಟ

ಪಾಠವನ್ನು ಓದುವುದೆಂದರೆ ಮೊದಲನೆಯ ಪಂಕ್ತಿಯ ಮೊದಲನೆಯ ಶಬ್ದದಿಂದ ತೊಡಗಿ ಕಡೆಯ ಶಬ್ದದವರೆಗೆ ಕಣ್ಣೋಡಿಸುವುದೆಂದು ನಮ್ಮಲ್ಲಿ ಅನೇಕರು ಭಾವಿಸಿರುವೆವು. ಪರೀಕ್ಷೆಯು ಸಮೀಪಿಸಿದಾಗ ಹತ್ತು ಪುಟಗಳನ್ನು ಹೀಗೆ ಎರಡು ಮೂರಾವೃತ್ತಿ ಓದಿಯೂ, "ಇದರಲ್ಲಿ ಏನು ಹೇಳಿದೆ?" ಎಂದು ಕೇಳಿದರೆ ಉತ್ತರ ಕೊಡಲಾರದೆ, ತನ್ನ ಬುದ್ಧಿಯೇ ಮಂದವೆಂದು ಮರುಗುವ ವಿದ್ಯಾರ್ಥಿನಿಯರುಂಟು. ಬಹುಮಟ್ಟಿಗೆ ದೋಷವಿರುವುದು ಓದಲು ತೊಡಗುವ ಕ್ರಮದಲ್ಲಿ. ಆದಕಾರಣ ಓದುವುದಕ್ಕೆ ಮೊದಲು ಪಾಠವನ್ನೊಮ್ಮೆ ಮೇಲುಮೇಲಾಗಿ ನೋಡಿಕೊಳ್ಳುವ ಅಭ್ಯಾಸದ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಇದು ಹೊರದೇಶದಿಂದ ಬಂದ ಹೊಸ ಪದ್ಧತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನಾಗಲಿ ತೆರೆದು ನೋಡಿದರೆ ಸಂಧಿಯ ತಲೆಯಲ್ಲಿ 'ಸೂಚನೆ' ಎಂಬ ಕಿರುಪದ್ಯವೊಂದು ಕಾಣುವುದು. ಆ ಸಂಧಿಯಲ್ಲಿ ಮುಂದೆ ನಡೆಯಲಿರುವ ಕಥೆಯ ಸಾರವನ್ನು ಕವಿಯು ಅಲ್ಲಿಯೇ ಹೇಳಿಬಿಡುವನು. ಗಮಕಿಯ ವಾಚನವನ್ನು ಕೇಳಲು ಕುಳಿತವರಿಗೆ ಹಾಳೆ ತಿರುವಿ ನೋಡುವ ಅನುಕೂಲವೆಲ್ಲಿಯದು? ದಾರಿಯು ಎತ್ತ ಹೋಗುವುದೆಂದು ಮೊದಲೇ ತಿಳಿಸುವುದು ಅವರಿಗೆ ಮಾಡಿದ ಉಪಕಾರವೇ ಸರಿ. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿಯೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲಿಯೇ ತಿಳಿಸುವ ಸಂಪ್ರದಾಯವುಂಟು.

ಇದರ ಪ್ರಯೋಜನವು ಎಷ್ಟೆಂಬುದನ್ನು ಅಮೆರಿಕದ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಪ್ರಯೋಗವು ಚೆನ್ನಾಗಿ ತೋರಿಸುತ್ತದೆ. ಅವರು ಬಟ್ಟೆ ಒಗೆಯುವ ಕೆಲಸವನ್ನು ಒಂದು ಗದ್ಯಭಾಗದಲ್ಲಿ ವರ್ಣಿಸಿದರು. ಆದರೆ ಬಟ್ಟೆ ಎಂಬ ಶಬ್ದವನ್ನಾಗಲಿ ಒಗೆಯುವುದೆಂಬ ಶಬ್ದವನ್ನಾಗಲಿ ಎಲ್ಲಿಯೂ ಬಳಸಲಿಲ್ಲ. ಪ್ರತಿಯೊಂದು ವಾಕ್ಯವೂ ಸುಲಭ, ಒಟ್ಟಿನಲ್ಲಿ ಮಾತ್ರ ಒಗಟು. ಇದನ್ನು ಕೆಲವರಿಗೆ ವಿಷಯವನ್ನು ತಿಳಿಸದೆಯೇ ಕೇಳಿಸಿದರು. ಕೆಲವರಿಗೆ "ಇದು ಬಟ್ಟೆ ಒಗೆಯುವುದರ ವರ್ಣನೆ" ಎಂದು ಮೊದಲೇ ಹೇಳಿ ಕೇಳಿಸಿದರು. ಇನ್ನು ಕೆಲವರಿಗೆ ಕೇಳಿಸಿದ ಬಳಿಕ ಅದೇ ಮಾತನ್ನು ಹೇಳಿದರು. ಮೊದಲೇ ತಿಳಿದವರು ಉಳಿದವರಿಗಿಂತ ಸುಮಾರು ಇಮ್ಮಡಿಯಷ್ಟು ಅಂಶಗಳನ್ನು ನೆನಪಿನಿಂದ ಒಪ್ಪಿಸಿದರು. ಆಶ್ಚರ್ಯವೇನೆಂದರೆ, ಕೇಳಿದ ಮೇಲೆ ವಿಷಯವನ್ನು ತಿಳಿದವರಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ; ಅವರು ವಿಷಯವನ್ನೇ ಅರಿಯದವರ ಸಾಲಿನಲ್ಲಿಯೇ ಉಳಿದರು. ಕೊನೆಯಲ್ಲಿ ಎಲ್ಲವೂ ತಾನಾಗಿ ತಿಳಿದೀತೆಂದು ನಂಬಿ ಓದುತ್ತ ಹೋಗುವವರು ಈ ಸಂಗತಿಯನ್ನು ಸ್ವಲ್ಪ ಆಲೋಚಿಸಬೇಕು.

ಕಾರಣವು ಗೂಢವಾದುದಲ್ಲ. ನಮ್ಮ ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಅಂಶಗಳು ಕೆಲವೇ. ಅವು ಬಂದ ಕೂಡಲೇ ಮೊದಲಿದ್ದ ತಿಳಿವಳಿಕೆಯೊಡನೆ ಹೆಣೆದುಕೊಂಡರೆ ನಿಲ್ಲುತ್ತವೆ, ಇಲ್ಲದಿದ್ದರೆ ಮುಂದಿನ ವಾಕ್ಯವು ಬರುವಷ್ಟರಲ್ಲಿ ಜಾರಿಹೋಗುತ್ತವೆ. ಅಂಗಳದಲ್ಲಿ ಚುಕ್ಕೆಗಳನ್ನಿಟ್ಟುಕೊಂಡು ರಂಗವಲ್ಲಿಯ ಎಳೆಯನ್ನೆಳೆಯುವವಳಿಗೆ ಕೈ ತಪ್ಪುವುದು ಅಪರೂಪವಷ್ಟೆ.

ಇನ್ನು ಕ್ರಮವೇನೆಂದು ನೋಡೋಣ. ಶಿವನಸಮುದ್ರದ ವಿದ್ಯುದಾಗಾರದ ಮೇಲೆ ಒಂದು ಪಾಠವಿದೆಯೆಂದು ಭಾವಿಸಿರಿ. ಶೀರ್ಷಿಕೆಯನ್ನು ಓದಿ ಅಲ್ಲಿಯೇ ಒಂದು ಕ್ಷಣ ನಿಲ್ಲತಕ್ಕದ್ದು: ಕಾವೇರಿಯ ಜಲಪಾತದ ವಿಷಯ ನಮಗೇನು ಗೊತ್ತಿದೆ? ಅನಂತರ ಉಪಶೀರ್ಷಿಕೆಗಳನ್ನೂ, ಚಿತ್ರಗಳನ್ನೂ, ದಪ್ಪಕ್ಷರದ ಪದಗಳನ್ನೂ, ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳನ್ನೂ ನೋಡಬೇಕು. ನಕ್ಷೆಯಲ್ಲಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಒಂದು ಗೆರೆ ಎಳೆದಿದೆ. ಅದರ ಬದಿಯಲ್ಲಿ 1902 ಎಂದು ಬರೆದಿದೆ. ಬೆಂಗಳೂರಿನ ಬೀದಿದೀಪಗಳ ಚಿತ್ರದ ಕೆಳಗೆ 1905 ಎಂದಿದೆ. ಕೂಡಲೇ ಪ್ರಶ್ನೆಯು ಹುಟ್ಟುವುದು: ಸುಮಾರು 147 ಕಿಲೋಮೀಟರು ದೂರದ ಗಣಿಗೆ ಮೊದಲು ಶಕ್ತಿಯನ್ನು ಒಯ್ದು, ರಾಜ್ಯದ ದೊಡ್ಡ ಪಟ್ಟಣಕ್ಕೆ ಆಮೇಲೆ ಕೊಟ್ಟುದೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವ ಹುಡುಗಿಗೆ ಆಳವಾದ ಗಣಿಗಳಿಂದ ನೀರನ್ನೆತ್ತುವ ಶ್ರಮ, ಉಗಿಯಂತ್ರಕ್ಕೆ ದೂರದಿಂದ ತರಿಸಬೇಕಾದ ಕಲ್ಲಿದ್ದಲಿನ ವೆಚ್ಚ, ಇವೆಲ್ಲವೂ ಉತ್ತರಗಳಾಗಿ ತೋರುವುವು. ಪ್ರಶ್ನೆಯಿಲ್ಲದೆ ಓದುವವಳಿಗೆ ಅವೇ ಬಾಯಿಪಾಠ ಮಾಡಬೇಕಾದ ಬಿಡಿ ವಾಕ್ಯಗಳಾಗುವುವು. ಈ ನೋಟಕ್ಕೆಲ್ಲ ಐದು ನಿಮಿಷಗಳಿಗಿಂತ ಹೆಚ್ಚು ಬೇಕಾಗದು.

ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ನರು 1946ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೇಲುನೋಟ, ಪ್ರಶ್ನೆ, ವಾಚನ, ಒಪ್ಪಿಸುವಿಕೆ, ಪುನರಾಲೋಚನೆ ಎಂದು ಐದು ಮೆಟ್ಟಿಲುಗಳನ್ನು ವಿಧಿಸಿದರು. ಐದರಲ್ಲಿ ಮೇಲುನೋಟವು ಒಂದೇ ಎಂಬುದನ್ನು ಮರೆಯಬಾರದು. ಶೀರ್ಷಿಕೆಗಳನ್ನು ನೋಡಿದ ಮಾತ್ರಕ್ಕೆ ಪಾಠವು ಗೊತ್ತಾಯಿತೆಂದು ಪುಸ್ತಕವನ್ನು ಮುಚ್ಚಿಡುವ ಜಾಣೆಯರೂ ಇದ್ದಾರೆ. ಅವರಿಗಿಂತ ಮೇಲುನೋಟವಿಲ್ಲದೆ ಪೂರ್ತಿ ಓದಿದವಳೇ ಮೇಲು. ಮೊದಲ ನೋಟದಲ್ಲಿ ಮಾಡಿಕೊಂಡ ಊಹೆಯು ತಪ್ಪಾಗಿರುವುದೂ ಉಂಟು. ಓದುತ್ತ ಹೋದಂತೆ ಅದನ್ನು ತಿದ್ದಿಕೊಳ್ಳಲು ಸಿದ್ಧರಾಗಿರಬೇಕು.

ಸಣ್ಣ ಕಥೆಗಳಿಗೆ ಈ ಉಪಾಯವನ್ನು ಹೂಡಲು ನಾವು ಹೇಳುವುದಿಲ್ಲ. ಮುಂದೇನಾಗುವುದೋ ಎಂಬ ಕುತೂಹಲವನ್ನು ಕೊನೆಯ ಪುಟ ನೋಡಿ ಕಳೆದುಕೊಳ್ಳುವುದು ನಷ್ಟವೇ. ಸೂಚನೆಯನ್ನು ಕೊಟ್ಟ ಕವಿಗಳ ಮಾತು ಬೇರೆ. ಅವರ ಕಥೆಯು ಕೇಳುವವರಿಗೆ ಮೊದಲೇ ಗೊತ್ತಿತ್ತು, ರಸವು ಹೇಳುವ ಬಗೆಯಲ್ಲಿತ್ತು.

ಪರೀಕ್ಷೆಯಲ್ಲಿ ಅಪರಿಚಿತ ಗದ್ಯಭಾಗವನ್ನು ಕೊಟ್ಟಾಗ ಮೊದಲು ಪ್ರಶ್ನೆಗಳನ್ನು ಓದಬಹುದೇ ಎಂದು ಹಲವರು ಕೇಳುತ್ತಾರೆ. ಓದಬಹುದು. ಆದರೆ ಪ್ರಶ್ನೆಗಳನ್ನಷ್ಟೇ ನೋಡಿಕೊಂಡರೆ ಕಣ್ಣು ಆ ಉತ್ತರಗಳನ್ನು ಮಾತ್ರ ಹುಡುಕುತ್ತದೆ, ಉಳಿದ ಭಾಗವು ಹಾಗೆಯೇ ಕಳೆದುಹೋಗುತ್ತದೆ; ಕಡೆಯಲ್ಲಿ "ಇದಕ್ಕೆ ತಕ್ಕ ಶೀರ್ಷಿಕೆಯನ್ನು ಕೊಡಿರಿ" ಎಂದಾಗ ಕೈ ತಡೆಯುತ್ತದೆ. ಪ್ರಶ್ನೆಗಳ ಜೊತೆಗೆ ಪ್ರತಿಯೊಂದು ಖಂಡದ ಮೊದಲನೆಯ ವಾಕ್ಯವನ್ನೂ ನೋಡಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಪ್ಪುವುದು.