ಕರಿಕಲ್ಲು, ಕಲ್ಲಿದ್ದಲು, ಗಂಧಕ

ಚಾಮರಾಜನಗರದ ಕಡೆ ಭೂವಿಜ್ಞಾನದ ಮಾತೆತ್ತಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇಷ್ಟೊಂದು ಕರಿಕಲ್ಲು ಇರೋ ಜಾಗದಲ್ಲಿ ಇನ್ನೂ ಆಳಕ್ಕೆ ಅಗೆದ್ರೆ ಕಲ್ಲಿದ್ದಲೂ ಸಿಗಬೇಕಲ್ವಾ ಸಾರ್?"

ಸಿಗುವುದಿಲ್ಲ. ಎರಡಕ್ಕೂ ಇರುವ ನಂಟು ಬಣ್ಣವೊಂದೇ. ಕರಿಕಲ್ಲು ಎಂದರೆ ಡಾಲರೈಟ್; ನೆಲದಾಳದ ಶಿಲಾರಸ ಹಳೆಯ ಬಂಡೆಯ ಬಿರುಕಿಗೆ ನುಗ್ಗಿ ಆರಿ ಗಟ್ಟಿಯಾದದ್ದು. ಕಲ್ಲಿದ್ದಲು ಜೌಗಿನಲ್ಲಿ ಪೂರ್ತಿ ಕೊಳೆಯದೆ ಹೂತುಹೋದ ಗಿಡಮರ. ಇಲ್ಲಿನ ಬಂಡೆಗಳಿಗೆ 200 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನೆಲದ ಮೇಲೆ ಗಿಡ ಬೇರೂರಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ. ಮರವೇ ಹುಟ್ಟದ ಕಾಲದ ಬಂಡೆಯಡಿ ಇದ್ದಲು ಎಲ್ಲಿಂದ ಬರಬೇಕು?

ಕಲ್ಲಿದ್ದಲೆಲ್ಲ ಒಂದೇ ಎನ್ನುವುದು ಇನ್ನೊಂದು ಎಡವು. ರಾಯಚೂರಿನ ಶಕ್ತಿನಗರಕ್ಕೆ ಬರುವ ಸಿಂಗರೇಣಿಯ ಇದ್ದಲಿನಲ್ಲಿ ಬೂದಿ ವಿಪರೀತ, ಗಂಧಕ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಅಸ್ಸಾಮಿನ ಮಾಕುಮ್, ಮೇಘಾಲಯದ ಜಯಂತಿಯಾ ಬೆಟ್ಟಗಳ ಇದ್ದಲಿನಲ್ಲಿ ಬೂದಿ ಕಡಿಮೆ, ಗಂಧಕ ಶೇಕಡಾ 2ರಿಂದ 7ರವರೆಗೂ ಇರುತ್ತದೆ. ಅಲ್ಲಿನ ಮರಗಳ ಜಾತಿಯೇ ಹಾಗಿತ್ತೇನೋ ಎಂದು ಹಲವರ ಊಹೆ.

ಅಲ್ಲ. ಆ ಗಂಧಕದ ಬಹುಪಾಲು ಕಡಲಿನದು. ಇದನ್ನು ವಿವರಿಸುವುದೆಂದರೆ ನನಗೆ ಇಂದಿಗೂ ಖುಷಿ. ಸಿಂಗರೇಣಿಯ ಜೌಗು ಹೊಳೆಯ ಸಿಹಿನೀರಿನದು. ಈಶಾನ್ಯದ ಜೌಗು ಕಡಲಂಚಿನದು. ಸಮುದ್ರದ ನೀರಿನಲ್ಲಿ ಸಲ್ಫೇಟ್ ಧಾರಾಳ. ಅದು ಜೌಗಿಗೆ ನುಗ್ಗಿದಾಗ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ನಾವು ಆಮ್ಲಜನಕ ಬಳಸುವಂತೆ ಸಲ್ಫೇಟನ್ನು ಬಳಸಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. (ಕೆರೆಯ ಕಪ್ಪು ಕೆಸರು ಕೆದಕಿದರೆ ಮೂಗಿಗೆ ಬಡಿಯುವುದು ಇದೇ.) ಆ ಅನಿಲಕ್ಕೆ ಕಬ್ಬಿಣ ಸಿಕ್ಕರೆ ಚಿನ್ನದಂತೆ ಮಿನುಗುವ ಪೈರೈಟ್ ಆಗುತ್ತದೆ. ಸಿಗದಿದ್ದರೆ ಗಂಧಕ ಸಸ್ಯದ ಕೊಳೆಯೊಳಗೇ ಬೆಸೆದುಕೊಳ್ಳುತ್ತದೆ. ಪೈರೈಟ್ ತೂಕದ್ದು, ಇದ್ದಲು ತೊಳೆದರೆ ಬಹುಪಾಲು ತಳಕ್ಕಿಳಿಯುತ್ತದೆ. ಬೆಸೆದುಕೊಂಡದ್ದು ಎಷ್ಟು ತೊಳೆದರೂ ಹೋಗದು. ಅಸ್ಸಾಮಿನ ಇದ್ದಲಿನಲ್ಲಿ ಹೆಚ್ಚಿನದು ಈ ಹಟಮಾರಿ ಜಾತಿಯೇ. ಉರಿಸಿದಾಗ ಅದು ಸಲ್ಫರ್ ಡೈ ಆಕ್ಸೈಡ್ ಆಗಿ ಗಾಳಿಗೆ ಸೇರಿ, ಆಮ್ಲಮಳೆಗೆ ಕಾರಣವಾಗುತ್ತದೆ.

ಉರಿಸದಿದ್ದರೂ ಕಾಟ ತಪ್ಪಿದ್ದಲ್ಲ. ನೆಲದಡಿ ಕೋಟ್ಯಂತರ ವರ್ಷ ಸುಮ್ಮನಿದ್ದ ಪೈರೈಟ್, ಅಗೆದು ಗಾಳಿ–ನೀರು ತಾಕಿಸಿದೊಡನೆ ಗಂಧಕಾಮ್ಲವನ್ನೂ ಕಬ್ಬಿಣವನ್ನೂ ಬಿಡುತ್ತದೆ. ಆ ಕಬ್ಬಿಣವೇ ಮುಂದೆ ಹೊಸ ಪೈರೈಟನ್ನು ತಿನ್ನತೊಡಗುತ್ತದೆ. ಇದನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು ವೇಗ ಹೆಚ್ಚಿಸುತ್ತವೆ. ಹಾಗಾಗಿ ಗಣಿಗೆ ಬೀಗ ಹಾಕಿದರೂ ಆಮ್ಲ ಒಸರುವುದು ನಿಲ್ಲುವುದಿಲ್ಲ. ಜಯಂತಿಯಾ ಬೆಟ್ಟಗಳಲ್ಲಿ ಮೀನು ಬದುಕಲಾರದ ಹೊಳೆಗಳಿವೆ. ಜನ ತೆವಳಿಕೊಂಡು ಹೋಗುವ ಅಲ್ಲಿನ 'ಇಲಿಬಿಲ' ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್‌ನಲ್ಲಿ ಕ್ಸಾನ್ ಎಂಬಲ್ಲಿ ಅಂಥದ್ದೇ ಗಣಿಗೆ ನೀರು ನುಗ್ಗಿ 15 ಜನ ಸಿಕ್ಕಿಬಿದ್ದರು.

ಈ ರಸಾಯನಶಾಸ್ತ್ರ ನೋಡಲು ಮೇಘಾಲಯಕ್ಕೇ ಹೋಗಬೇಕೆಂದಿಲ್ಲ. ಪಾಲಿಶ್ ಮಾಡಿದ ಕರಿಕಲ್ಲಿನ ಚಪ್ಪಡಿಯಲ್ಲಿ ಒಮ್ಮೊಮ್ಮೆ ಹೊಂಬಣ್ಣದ ಚುಕ್ಕೆಗಳು ಕಾಣುತ್ತವೆ. ಕೆಲವು ಮಳೆಗಾಲ ನೆನೆದರೆ ಅವುಗಳ ಸುತ್ತ ಕಂದು ತುಕ್ಕು ಹಬ್ಬುತ್ತದೆ. ಅದೂ ಇಂಥದೇ ಸಲ್ಫೈಡಿನ ಕೆಲಸ. ಹಾಗಂತ ಕರಿಕಲ್ಲಿನ ಹೊಂಡಗಳಲ್ಲೂ ಆಮ್ಲ ತುಂಬಿದೆಯೆಂದು ಹೆದರಬೇಡಿ. ಡಾಲರೈಟಿನಲ್ಲಿ ಪೈರೈಟ್ ಅತ್ಯಲ್ಪ, ಆಮ್ಲವನ್ನು ತಣಿಸುವ ಖನಿಜಗಳೇ ಜಾಸ್ತಿ. ಇಲ್ಲಿನ ಕ್ವಾರಿಗಳ ಅಪಾಯ ಬೇರೆ ಬಗೆಯದು: ದೂಳು, ಸಿಡಿತ, ಕುಸಿತ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಪಾಳುಬಿದ್ದ ಕ್ವಾರಿ ಹೊಂಡಗಳ ನೀರನ್ನು ಮಕ್ಕಳೆದುರು ಲಿಟ್ಮಸ್ ಕಾಗದದಲ್ಲಿ ಪರೀಕ್ಷಿಸಿ, ವರ್ಷ ವರ್ಷವೂ ಬರೆದಿಡಿಸಿ. ಮಕ್ಕಳನ್ನು ಮಾತ್ರ ಹೊಂಡದ ಹತ್ತಿರ ಬಿಡಬೇಡಿ; ಹಗ್ಗ ಕಟ್ಟಿದ ಬಿಂದಿಗೆಯಲ್ಲಿ ನೀರು ಸೇದಿ ತರಲು ದೊಡ್ಡವರೇ ಹೋಗಲಿ.