ನಿಸರ್ಗ ನಿಯಮ ಮತ್ತು ರೂಢಿ: ನೈತಿಕತೆಯ ಆಧಾರದ ಪ್ರಶ್ನೆ

ಒಂದು ಸಮುದಾಯದ ರೂಢಿಯೇ ಅದರ ನೀತಿಗೆ ಆಧಾರವೆನ್ನುವುದಾದರೆ, ಆ ರೂಢಿಯನ್ನು ತಪ್ಪೆನ್ನಲು ಯಾವ ಅಳತೆಗೋಲು ಉಳಿಯುತ್ತದೆ? ಪಾಶ್ಚಾತ್ಯ ಚಿಂತನೆ ಈ ಪ್ರಶ್ನೆಗೆ ನೀಡಿದ ಪ್ರಮುಖ ಉತ್ತರಗಳಲ್ಲಿ ನಿಸರ್ಗ ನಿಯಮ ಸಿದ್ಧಾಂತವೂ ಒಂದು. ಇಲ್ಲಿ ನಿಸರ್ಗವೆಂದರೆ ಗಿಡಮರ, ಮಳೆಗಾಳಿಗಳ ಜಗತ್ತಲ್ಲ. ಮನುಷ್ಯನ ಸ್ವಭಾವ, ಅದರಲ್ಲಿಯೂ ಅವನ ವಿವೇಚನಾಶಕ್ತಿ. ಒಳಿತು ಕೆಡುಕುಗಳ ಮೂಲತತ್ತ್ವಗಳನ್ನು ಲಿಖಿತ ಶಾಸನದ ನೆರವಿಲ್ಲದೆ ವಿವೇಚನೆಯಿಂದಲೇ ಅರಿಯಬಹುದೆಂಬುದು ಇದರ ತಿರುಳು.

ಸೊಫೊಕ್ಲಿಸನ ‘ಆಂಟಿಗೊನೆ’ ನಾಟಕದ ನಾಯಕಿ ರಾಜಾಜ್ಞೆಯನ್ನು ಮೀರಿ ಸೋದರನ ಶವಕ್ಕೆ ಮಣ್ಣು ಕೊಡುತ್ತಾಳೆ. ಅರಿಸ್ಟಾಟಲನು ‘ರೆಟರಿಕ್’ ಗ್ರಂಥದಲ್ಲಿ ಇದನ್ನು ನಿಸರ್ಗಸಿದ್ಧ ನ್ಯಾಯಕ್ಕೆ ನಿದರ್ಶನವಾಗಿ ಬಳಸಿದ್ದಾನೆ. ಆದರೆ ಶವಸಂಸ್ಕಾರದ ಕ್ರಮ ಎಲ್ಲೆಡೆ ಒಂದೇ ಅಲ್ಲ. ಪರ್ಷಿಯದ ದೊರೆ ದಾರಿಯಸನ ಮುಂದೆ, ತಂದೆಯ ಶವವನ್ನು ಸುಡುವ ಗ್ರೀಕರೂ ಅದನ್ನು ಭಕ್ಷಿಸುವ ಕಲ್ಲಾಟಿಯರೂ ಪರಸ್ಪರರ ಪದ್ಧತಿಗೆ ಬೆಚ್ಚಿದ ಪ್ರಸಂಗವನ್ನು ಹೆರೊಡೊಟಸ್ ದಾಖಲಿಸಿದ್ದಾನೆ. ಅವನು ಅದರಲ್ಲಿ ಕಂಡದ್ದು ರೂಢಿಯ ಪ್ರಭುತ್ವವನ್ನು. ಅದೇ ಪ್ರಸಂಗವನ್ನು ಇನ್ನೊಂದು ಬಗೆಯಿಂದಲೂ ಓದಬಹುದು: ಆಚರಣೆಯ ರೂಪ ಬೇರೆಯಾದರೂ ಮೃತರಿಗೆ ಗೌರವ ಸಲ್ಲಬೇಕೆಂಬ ಕರ್ತವ್ಯಪ್ರಜ್ಞೆ ಎರಡು ಕಡೆಯಲ್ಲಿಯೂ ಇದೆ.

13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಈ ಸಿದ್ಧಾಂತಕ್ಕೆ ವ್ಯವಸ್ಥಿತ ರೂಪ ನೀಡಿದನು. ಒಳಿತನ್ನು ಮಾಡಬೇಕು, ಕೆಡುಕನ್ನು ತೊರೆಯಬೇಕು ಎಂಬುದು ಅವನ ಮೊದಲ ತತ್ತ್ವ. ಜೀವರಕ್ಷಣೆ, ಸಂತಾನಪಾಲನೆ, ಸತ್ಯಾನ್ವೇಷಣೆ, ಸಹಜೀವನ ಇವುಗಳತ್ತ ಮನುಷ್ಯನಿಗಿರುವ ಸಹಜ ಒಲವು ಆ ತತ್ತ್ವಕ್ಕೆ ವಿವರ ಒದಗಿಸುತ್ತದೆ. ಪ್ರಾಚೀನ ಜರ್ಮನರಲ್ಲಿ ಕೊಳ್ಳೆ ತಪ್ಪೆನಿಸಿರಲಿಲ್ಲವೆಂಬ ಜೂಲಿಯಸ್ ಸೀಸರನ ಹೇಳಿಕೆಯನ್ನು ಅವನೇ ಎತ್ತಿಕೊಂಡು, ದುರಭ್ಯಾಸದಿಂದ ವಿವೇಚನೆ ಮಸುಕಾಗಬಹುದೆಂದು ವಿವರಿಸುತ್ತಾನೆ.

ಸಿದ್ಧಾಂತದ ನಿಜವಾದ ಪರೀಕ್ಷೆ ನಡೆದದ್ದು 1550–51ರಲ್ಲಿ, ಸ್ಪೇನಿನ ವಲ್ಲಡೊಲಿಡ್ ನಗರದ ವಾದಸಭೆಯಲ್ಲಿ. ಕೆಲವರು ಸ್ವಭಾವತಃ ದಾಸರೆಂಬ ಅರಿಸ್ಟಾಟಲನ ಮಾತನ್ನು ಆಧರಿಸಿ ಸೆಪುಲ್ವೆಡಾ ಅಮೆರಿಕದ ಮೂಲನಿವಾಸಿಗಳ ಮೇಲಿನ ಯುದ್ಧವನ್ನು ಸಮರ್ಥಿಸಿದನು. ಅದೇ ಪರಂಪರೆಯೊಳಗೆ ನಿಂತ ಲಾಸ್ ಕಾಸಾಸ್ ಅದನ್ನು ವಿರೋಧಿಸಿದನು. ಆ ಜನರ ಆಡಳಿತ, ಕುಟುಂಬವ್ಯವಸ್ಥೆ, ಆರಾಧನೆಗಳನ್ನು ವಿಸ್ತಾರವಾಗಿ ವಿವರಿಸುವ ಗ್ರಂಥವನ್ನು ರಚಿಸಿ, ಅವರು ಪೂರ್ಣ ವಿವೇಚನೆಯುಳ್ಳವರೆಂದು ಪ್ರತಿಪಾದಿಸಿದನು. ರೂಢಿಗಳ ವಿವರಣೆಯೇ ಇಲ್ಲಿ ಸಾಕ್ಷ್ಯವಾಯಿತು.

‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದಕ್ಕೆ ಕಾರಣ ನೀಡದೆ ಸಾಗುವ ವಾದಕ್ರಮವನ್ನು ಡೇವಿಡ್ ಹ್ಯೂಮ್ 1740ರಲ್ಲಿ ಪ್ರಶ್ನಿಸಿದನು. ಜ್ಞಾನ, ಸ್ನೇಹದಂತಹ ಮೂಲಭೂತ ಒಳಿತುಗಳು ಸ್ವಯಂವೇದ್ಯ, ಸ್ವಭಾವದ ಸಂಗತಿಗಳಿಂದ ಅವುಗಳನ್ನು ಅನುಮಾನಿಸಬೇಕಿಲ್ಲ ಎಂದು ಜಾನ್ ಫಿನ್ನಿಸ್ 1980ರಲ್ಲಿ ವಾದಿಸಿದರು. ಈ ಉತ್ತರವನ್ನು ಒಪ್ಪಿದರೂ ವಲ್ಲಡೊಲಿಡ್ ಎತ್ತಿದ ಎಚ್ಚರಿಕೆ ಉಳಿಯುತ್ತದೆ. ಬಲಿಷ್ಠರ ರೂಢಿಯೊಂದು ನಿಸರ್ಗದ ಹೆಸರು ಹೊತ್ತು ಬರುವುದು ಸಾಧ್ಯ. ಆದ್ದರಿಂದ ನಿಸರ್ಗ ನಿಯಮವು ನೀತಿಗೆ ಆಧಾರವಾಗಬೇಕಾದರೆ ರೂಢಿಗಳ ತೌಲನಿಕ ಅಧ್ಯಯನ ಅದರ ಜೊತೆಗಿರುವುದು ಅಗತ್ಯ. ಯಾವುದು ಮನುಷ್ಯಸಾಮಾನ್ಯ, ಯಾವುದು ಕೇವಲ ಒಂದು ಗುಂಪಿನ ಅಭ್ಯಾಸ ಎಂಬುದನ್ನು ಬೇರ್ಪಡಿಸಿ ತೋರಿಸುವಲ್ಲಿ ಜಾನಪದ ಸಂಶೋಧನೆಯ ಪಾತ್ರವಿದೆ.